ದೀಪಸ್ತಂಭದ ಬೆಕ್ಕು, ಬಾಯಿಕುಕ್ಕಿ ನಾಯಿ

ನಮ್ಮ ಓಣ್ಯಾಗ ಬೆಕ್ಕು ಇಲ್ಲದ ಮನಿ ಕಡಿಮಿ. ಯಾರೂ ರೊಕ್ಕಾ ಕೊಟ್ಟು ತಂದಿದ್ದಲ್ಲ, ಅವಾ ಬಂದು ಸೇರ್ಕೊಂಡಾವ. ಅಡಗಿಮನಿ ಬಾಗಲದಾಗ ಒಂದು ಬಟ್ಟಲದಾಗ ಹಾಲನ್ನ ಕಲಿಸಿ ಇಟ್ರ ಆತು, ಇಲಿ ಕಾಟ ತಪ್ಪತದ. ಮುಂದ ಅದು ಹಗಲೆಲ್ಲಾ ಎಲ್ಲೆ ಹೋಗಿತ್ತು, ರಾತ್ರಿ ಏನು ಹಿಡೀತು, ಯಾರ ಮಾಳಗಿ ಮ್ಯಾಲೆ ಮರಿ ಹಾಕ್ತು ಅಂತ ನಾವ್ಯಾರೂ ಕೇಳೂದಿಲ್ಲ. ನಾಯಿದೂ ಅಷ್ಟ. ಉಳದ ರೊಟ್ಟಿ ಹಾಕೋರು ನಾವು, ಆದ್ರ ಅದು ಯಾರ ನಾಯಿ ಅಂತ ಯಾರರ ಕೇಳಿದ್ರ "ಓಣಿ ನಾಯಿ ರೀ" ಅಂತೀವಿ.

ಹಿಂಗ ಅನ್ನ ಹಾಕಿ ಕೈ ತೊಳಕೊಳ್ಳೋದು ಒಂದು ದೇಶಕ್ಕ ಎಷ್ಟು ತುಟ್ಟಿ ಬಿತ್ತು ಅನ್ನೋದನ್ನ ಇವತ್ತ ಬರೀತೀನಿ. ಆ ದೇಶ ನ್ಯೂಝಿಲೆಂಡ್. ನನ್ನ ತಂಗಿ ಮಗಳು ಅಲ್ಲಿ ಉತ್ತರದ ಕಡೆ ಕೆರಿಕೆರಿ ಅನ್ನೋ ಸಣ್ಣ ಊರಾಗ ಇದ್ದಾಳ. ತಂಗಿಗೆ ಮೊಣಕಾಲ ಬ್ಯಾನಿ, ಅಷ್ಟು ದೂರ ವಿಮಾನದಾಗ ಕೂಡ್ಲಿಕ್ಕೆ ಆಗೂದಿಲ್ಲ ಅಂತ ಬಾಣಂತನಕ್ಕ ನಾನ ಹೋದೆ. ಕೂಸು ಮಲಗಿದಾಗ ಟೈಮು ಸಿಗ್ತಿತ್ತು, ಊರ ವಾಚನಾಲಯದಿಂದ ಪುಸ್ತಕ ತರಿಸಿ ಓದಿದೆ, ತಿಳೀಲಾರದ್ದನ್ನ ಆಕಿ ಕಡೆ ಬಿಡಿಸಿ ಹೇಳಿಸಿಕೊಂಡೆ. ಓದಬೇಕು ಅಂತ ಅನಿಸಿದ್ದು ರಸ್ತೆದಾಗಿನ ಬೋರ್ಡು ನೋಡಿ. ಒಂದು ಕಿವಿ ಹಕ್ಕಿ ಚಿತ್ರ, ಕೆಳಗ "ಇಲ್ಲಿ ಕಿವಿ ಅವ, ನಾಯಿ ಹಗ್ಗದಾಗ ಇರಲಿ" ಅನ್ನೋ ಅರ್ಥದ ಮಾತು. ನಮ್ಮಲ್ಲೆ "ನಾಯಿ ಇದೆ ಎಚ್ಚರಿಕೆ" ಅಂತ ಮನಷ್ಯಾರಿಗೆ ಬೋರ್ಡು ಹಾಕ್ತಾರ, ಅಲ್ಲೆ ಹಕ್ಕಿ ಅದ ಎಚ್ಚರಿಕೆ ಅಂತ ನಾಯಿ ಇಟ್ಟೋರಿಗೆ ಹಾಕ್ಯಾರಲ್ಲಾ ಅಂತ ನನಗ ನಗು ಬಂತು.

ಮೊದಲ ಆ ದೇಶ ಹೆಂಗದ ಹೇಳ್ತೀನಿ, ಇಲ್ಲಂದ್ರ ಮುಂದಿನದು ತಿಳಿಯೂದಿಲ್ಲ. ಭಾಳ ಭಾಳ ಹಿಂದ ಗೊಂಡ್ವಾನಾ ಅಂತ ಒಂದು ದೊಡ್ಡ ಭೂಖಂಡ ಇತ್ತು. ಆ ಹೆಸರು ಬಂದಿದ್ದ ನಮ್ಮ ದೇಶದ ಗೊಂಡರ ನಾಡಿನಿಂದ. ನಮ್ಮ ಭಾರತಾನೂ ಅದರದ ಒಂದು ತುಣುಕು, ನ್ಯೂಝಿಲೆಂಡೂ ಅದರದ ತುಣುಕು. ನಾವು ಸರಕೋತ ಸರಕೋತ ಬಂದು ಏಷ್ಯಾಕ್ಕ ಹತ್ತಿಕೊಂಡ್ವಿ, ಹುಲಿ, ನರಿ, ಬೆಕ್ಕು, ಮುಂಗುಸಿ ಎಲ್ಲಾ ಇಲ್ಲೆ ಬಂದ್ವು, ಬೆಳದ್ವು. ಅವರ ತುಣುಕು ಸುಮಾರು ಎಂಟು ಕೋಟಿ ವರ್ಷದ ಹಿಂದ ಕಡಕೊಂಡು ಸಮುದ್ರದಾಗ ಒಂಟಿ ಉಳೀತು. ಅಲ್ಲೆ ನೆಲದ ಮ್ಯಾಲೆ ಹಾಲು ಕುಡಿಸೋ ಜಾತಿ ಪ್ರಾಣಿ ಅಂದ್ರ ಬಾವಲಿ ಅಷ್ಟ. ಹಾವು ಸುದ್ಧಾ ಇಲ್ಲ. ಹಿಂಗಾಗಿ ಹಕ್ಕಿಗಳದ್ದ ರಾಜ್ಯ. ನೆಲದ ಮ್ಯಾಲೆ ಯಾರೂ ಬೆನ್ನ ಹತ್ತಿ ಬರೂದಿಲ್ಲ ಅಂದ ಮ್ಯಾಲೆ ಹಾರೋದ್ಯಾಕ? ಕಿವಿ ಹಾರೂದಿಲ್ಲ. ಕಾಕಾಪೋ ಅಂತ ಹಸರು ಬಣ್ಣದ ದಪ್ಪ ಗಿಣಿ, ಅದೂ ಹಾರೂದಿಲ್ಲ.

ಇವಕ್ಕ ವೈರಿ ಇದ್ದದ್ದು ಮ್ಯಾಲಿಂದ ಬರೋ ಗರುಡ, ಗಿಡಗನಂಥವು. ಅವು ಕಣ್ಣಿಂದ ಬ್ಯಾಟಿ ಹುಡುಕೋ ಜಾತಿ. ಹಿಂಗಾಗಿ ಕೆಳಗಿನ ಹಕ್ಕಿ ಕಲ್ತದ್ದು ಒಂದ ವಿದ್ಯಾ: ಅಂಜಿಕಿ ಆದಾಗ ಅಲುಗಾಡದ ನಿಂತು ಬಿಡೋದು. ಗಿಡದ ಬಣ್ಣ ಮೈ ಬಣ್ಣ ಒಂದ ಆಗ್ತದ, ಗರುಡಗ ಕಾಣೂದಿಲ್ಲ. ಆದ್ರ ಬೆಕ್ಕು ನಾಯಿ ಬರೇ ಕಣ್ಣಿಂದ ಹುಡುಕತಾವೇನು? ಮೂಗು ಅದ, ಕಿವಿ ಅದ. ಕಿವಿ ಹಕ್ಕಿ ಮೈ ವಾಸನಿ ಗಡದ್ದು, ಕಾಕಾಪೋದ್ದೂ ಹಂಗ. ಲಕ್ಷಾಂತರ ವರ್ಷ ಜೀವ ಉಳಿಸಿದ ವಿದ್ಯಾನ ಆಮ್ಯಾಲೆ ಜೀವಕ್ಕ ಮುಳುವಾತು.

ಸುಮಾರು ಏಳನೂರು ವರ್ಷದ ಹಿಂದ ಮಾವೊರಿ ಮಂದಿ ದೋಣಿಯೊಳಗ ಬಂದ್ರು, ಜೋಡಿ ಕುರೀ ಅನ್ನೋ ನಾಯಿ, ಕಿಯೊರೆ ಅನ್ನೋ ಇಲಿ ಬಂದ್ವು. 1769ಕ್ಕ ಕ್ಯಾಪ್ಟನ್ ಕುಕ್ ಬಂದ, ಅವನ ಹಿಂದಿಂದ ಯುರೋಪಿನ ಹಡಗಗಳು. ಹಡಗ ಅಂದ್ರ ಇಲಿ, ಇಲಿ ಅಂದ್ರ ಬೆಕ್ಕು. ಕಾಡು ಕಡದು ಹೊಲ ಮಾಡಿದ್ದು, ಬ್ಯಾಟಿ ಆಡಿದ್ದು, ಇವೂ ಹಕ್ಕಿಗೆ ದೊಡ್ಡ ಪೆಟ್ಟಾ ಕೊಟ್ವು. ಎಲ್ಲಾ ತಪ್ಪು ಬೆಕ್ಕಿನ ತಲಿಗೆ ಕಟ್ಟೂದಿಲ್ಲ ನಾ. ಆದ್ರ ಸಾಕಿದ ಪ್ರಾಣಿ ಕಥಿ ಹೇಳ್ಲಿಕ್ಕೆ 1894ನೇ ಇಸವಿ ಒಂದ ಸಾಕು. ಅದ ಒಂದು ವರ್ಷದಾಗ ಎರಡು ದ್ವೀಪದೊಳಗ ಎರಡು ಕೆಲಸ ಶುರು ಆದ್ವು, ಒಂದು ಬೆಕ್ಕಿಂದು, ಒಂದು ನಾಯಿದು.

ಬೆಕ್ಕಿಂದು ಮೊದಲ. ನ್ಯೂಝಿಲೆಂಡಿಗೆ ಉತ್ತರ ದ್ವೀಪ, ದಕ್ಷಿಣ ದ್ವೀಪ ಅಂತ ಎರಡು ದೊಡ್ಡ ಭಾಗ. ನಡುವಿನ ಸಮುದ್ರದಾಗ ಸ್ಟೀಫನ್ಸ್ ಅಂತ ಸಣ್ಣ ದ್ವೀಪ, ಮಾವೊರಿಯೊಳಗ ಟಕಾಪೊರೆವಾ. ಒಂದೂವರಿ ಚದರ ಕಿಲೋಮೀಟರ್, ಅಂದ್ರ ಮುನ್ನೂರಾ ಎಪ್ಪತ್ತು ಎಕರೆದಷ್ಟು. ಹಡಗ ಬಂಡಿಗಲ್ಲಿಗೆ ಹಾಯಬಾರದು ಅಂತ ಸರಕಾರ ಅಲ್ಲೆ ದೀಪಸ್ತಂಭ ಕಟ್ಟಿಸ್ತು. 1894ರ ಜನವರಿ 29ಕ್ಕ ದೀಪ ಹತ್ತಿತು. ದೀಪ ನೋಡಿಕೊಳ್ಳೋ ಕೀಪರ್‌ಗಳು ಹೆಂಡ್ರು ಮಕ್ಕಳ ಜೋಡಿ ಬಂದು ಸಂಸಾರ ಹೂಡಿದ್ರು. ಸುತ್ತ ನೀರು, ಗಾಳಿ, ಸಾಮಾನು ತರೋ ಹಡಗ ಯಾವಾಗ ಬರ್ತದೋ ಆವಾಗ. ಅಂಥಲ್ಲೆ ಸಂಸಾರ ಮಾಡಿದ ಹೆಣ್ಣಮಕ್ಕಳು ಒಂದು ಬೆಕ್ಕು ಬೇಕು ಅಂದ್ರ ಅದರಾಗ ಏನು ತಪ್ಪು ಅಂತ ನನಗೂ ಅನಿಸ್ತದ.

ಆ ಬೆಕ್ಕು ಬರೋಮುಂದನ ಹೊಟ್ಟೀಲೆ ಇತ್ತು, ಬಂದು ತಪ್ಪಿಸಿಕೊಂಡು ಹೋತು ಅಂತ ಈಗ ಸಂಶೋಧಕರು ಹೇಳ್ತಾರ. ಅದ ವರ್ಷ ನಡುವ ಬೆಕ್ಕು ಒಂದೊಂದ ಸಣ್ಣ ಹಕ್ಕಿ ಹಿಡಕೊಂಡು ಮನಿಗೆ ಬರ್ಲಿಕ್ಕೆ ಶುರು ಮಾಡ್ತು. ಡೇವಿಡ್ ಲಯಾಲ್ ಅಂತ ಒಬ್ಬ ಸಹಾಯಕ ಕೀಪರ್, ಹಕ್ಕಿ ಬಗ್ಗೆ ಹುಚ್ಚು ಇದ್ದವ. ಇದ್ಯಾವದೋ ಹೊಸಾದು ಅಂತ ಅವಗ ಅನಿಸ್ತು. ಚರ್ಮ ಬಿಡಿಸಿ ಇಟ್ಟ. ಗುಬ್ಬಿಗಿಂತ ಸಣ್ಣದು, ಮಸಕ ಕಂದು ಬಣ್ಣ, ಮೋಟು ಬಾಲ. ಸಂಜಿಕ ಹೊರಬಿದ್ದು ಕಲ್ಲಿನ ಸಂದ್ಯಾಗ ಇಲಿ ಓಡಿಧಂಗ ಓಡ್ತಿತ್ತಂತ. ಹಾರಿದ್ದನ್ನ ಅವ ನೋಡ್ಲಿಲ್ಲ. ಜೀವಂತ ನೋಡಿದ್ದ ಎರಡ ಸಲ, ಉಳದದ್ದೆಲ್ಲಾ ಬೆಕ್ಕಿನ ಬಾಯಾಗಿಂದು.

ಲಯಾಲ್ ಒಂದು ಹಕ್ಕಿ ಸರಕಾರಿ ಹಡಗಿನ ಎಂಜಿನಿಯರ್ ಕೈಯಾಗ ಕೊಟ್ಟು ಕಳಿಸಿದ. ಅದು ನ್ಯೂಝಿಲೆಂಡಿನ ಹಕ್ಕಿಶಾಸ್ತ್ರದ ದೊಡ್ಡ ಮನಷ್ಯಾ ವಾಲ್ಟರ್ ಬುಲ್ಲರ್ ಕಡೆ ಹೋತು. ಅವಂಗ ಖುಷಿ ಆತು, ಚಿತ್ರ ಬರಸ್ಲಿಕ್ಕೆ ಲಂಡನ್ನಿಗೆ ಕಳಿಸಿದ. ಅಷ್ಟ್ರಾಗ ಹೆನ್ರಿ ಟ್ರಾವರ್ಸ್ ಅನ್ನೋ ವ್ಯಾಪಾರಿ ಲಯಾಲ್ ಕಡಿಂದ ಒಂಬತ್ತು ಹಕ್ಕಿ ತಗೊಂಡು ಇಂಗ್ಲೆಂಡಿನ ಸಾಹುಕಾರ ವಾಲ್ಟರ್ ರಾತ್ಸ್‌ಚೈಲ್ಡ್‌ಗ ಮಾರಿದ. ಆ ಸಾಹುಕಾರ 1894ರ ಡಿಸೆಂಬರದಾಗ ಲಂಡನ್ನಿನ ಸಭಾದಾಗ ಮೊದಲ ಹೆಸರಿಟ್ಟ ಬಿಟ್ಟ. ಬುಲ್ಲರ್ ಸಿಟ್ಟಿಗೆದ್ದ. ಇಬ್ಬರೂ ಹೆಸರು ನಂದು ತಂದು ಅಂತ ಜಗಳಾಡ್ತಿದ್ರ, ಅಲ್ಲೆ ದ್ವೀಪದಾಗ ಹಕ್ಕೀನ ಮುಗೀಲಿಕತ್ತಿತ್ತು. ಹೆಸರಿನೊಳಗ ಲಯಾಲಿ ಅಂತ ಸೇರಿಸ್ಯಾರ, ದೀಪಸ್ತಂಭದ ಕೀಪರ್ ನೆನಪಿಗೆ. ಹಕ್ಕಿ ತಿಂದ ಬೆಕ್ಕು ಎಲ್ಲಿದೋ ಅಲ್ಲಿ ಮಂದೀದ ಹೆಸರು ಹಕ್ಕಿಗೆ ಉಳೀತು ನೋಡ್ರಿ.

1895ರ ಮಾರ್ಚ್ ಹೊತ್ತಿಗೆ ಕ್ರೈಸ್ಟ್‌ಚರ್ಚ್ ಊರಿನ ಪತ್ರಿಕಾದಾಗ, ಈ ಹಕ್ಕಿ ಮುಗಧಂಗ ಕಾಣ್ತದ ಅಂತ ಬಂತು. ಆ ಸಂಪಾದಕೀಯದಾಗ ಒಂದು ಮಾತು ಬರದಾರ, ನನಗ ಭಾಳ ಸೇರ್ತು. ಇಂಥಾ ಅಪರೂಪದ ಹಕ್ಕಿ ಇರೋ ದ್ವೀಪಕ್ಕ ಕೀಪರ್‌ಗಳನ್ನ ಕಳಸೋಮುಂದ ಬೆಕ್ಕು ಒಯ್ಲಿಕ್ಕೆ ಬಿಡಬಾರದು, ಬೇಕಾದ್ರ ಸರಕಾರನ ತನ್ನ ಖರ್ಚಿನಾಗ ಇಲಿ ಬೋನು ಕೊಡಿಸಲಿ ಅಂತ. ನೂರಾ ಮೂವತ್ತು ವರ್ಷದ ಹಿಂದಿನ ಮಾತಿದು! ಬೆಕ್ಕು ಯಾಕ ಬೇಕಾಗಿತ್ತು ಅಂತ ವಿಚಾರ ಮಾಡಿ, ಆ ಕೆಲಸಕ್ಕ ಬ್ಯಾರೆ ಉಪಾಯ ಹೇಳ್ಯಾರ. ಬರೇ ಬ್ಯಾಡ ಬ್ಯಾಡ ಅಂದ್ರ ಯಾರು ಕೇಳ್ತಾರ? ಬೋನಿನ ರೊಕ್ಕದ ಲೆಕ್ಕಾ ಮಾಡಿದ ಆ ಸಂಪಾದಕ ಸಂಸಾರಸ್ಥ ಇರಬೇಕು.

ಆದ್ರ ಟೈಮು ಮೀರಿತ್ತು. ಒಂದು ಬೆಕ್ಕಿಂದ ದ್ವೀಪದ ತುಂಬ ಬೆಕ್ಕಾದ್ವು. 1899ರ ಹೊತ್ತಿಗೆ ಒಬ್ಬ ಮುಖ್ಯ ಕೀಪರ್ ನೂರಕ್ಕಿಂತ ಹೆಚ್ಚು ಕಾಡುಬಿದ್ದ ಬೆಕ್ಕು ಹೊಡದೀನಿ ಅಂತ ವರದಿ ಬರದ. ಪೂರಾ ಬೆಕ್ಕು ತಗದು ಮುಗಸ್ಲಿಕ್ಕೆ 1925 ಆತು. ಒಂದು ತರ್ಲಿಕ್ಕೆ ಒಂದು ಬುಟ್ಟಿ ಸಾಕಾತು, ತಗೀಲಿಕ್ಕೆ ಮೂವತ್ತು ವರ್ಷ. ಹಕ್ಕಿ ಈಗ ಬ್ಯಾರೆ ಬ್ಯಾರೆ ಮ್ಯೂಸಿಯಮ್ಮಿನೊಳಗ ಹತ್ತಿ ತುಂಬಿದ ಹದಿನೈದರಷ್ಟು ಚರ್ಮ ಅಷ್ಟ.

ಟಿಬಲ್ಸ್ ಅನ್ನೋ ಒಂದ ಬೆಕ್ಕು ಒಂದು ಇಡೀ ಜಾತಿ ಹಕ್ಕಿ ತಿಂದು ಮುಗಿಸ್ತು ಅಂತ ಹುಡುಗುರ ಪುಸ್ತಕದಾಗ, ಟೀವಿಯೊಳಗ ಕಥಿ ಹೇಳ್ತಾರ. ಅದು ಪೂರಾ ಖರೇ ಅಲ್ಲ. 2004ರಾಗ ರಾಸ್ ಗಾಲ್‌ಬ್ರೆತ್, ಡೆರೆಕ್ ಬ್ರೌನ್ ಅನ್ನೋ ಇಬ್ಬರು ಹಳೇ ಪತ್ರ, ಕಡತ ಎಲ್ಲಾ ತಗದು ನೋಡಿ, ಒಂದಲ್ಲ, ಅದರ ಮರಿ, ಮರಿಗಳ ಮರಿ ಕೂಡಿ ಮಾಡಿದ ಕೆಲಸ ಅಂತ ತೋರಿಸ್ಯಾರ. ಇನ್ನೊಂದು ಮಾತು, ಈ ಹಕ್ಕಿ ಮೊದಲ ದೊಡ್ಡ ದ್ವೀಪಗಳ ತುಂಬೆಲ್ಲಾ ಇತ್ತು, ಅಲ್ಲೆ ಅದರ ಎಲುಬು ಸಿಕ್ಕಾವ. ಇಲಿಗೋಳ ಕಾಲಕ್ಕ ಅಲ್ಲೆಲ್ಲಾ ಮುಗದು, ಕಡೀಕ ಉಳದದ್ದು ಈ ಮುನ್ನೂರಾ ಎಪ್ಪತ್ತು ಎಕರೆದಾಗ. ಒಂದ ಬೆಕ್ಕು ಅನ್ನೋ ಕಥಿ ಕೇಳಲಿಕ್ಕೆ ಛಲೋ ಅನಿಸ್ತದ, ಯಾಕಂದ್ರ ಬೈಲಿಕ್ಕೆ ಒಂದು ಪ್ರಾಣಿ ಸಿಗ್ತದ. ಖರೇ ಕಥಿ ಒಳಗ ಸಂತಾನ ಅದ. ಬೆಕ್ಕು ನಾಕೈದು ತಿಂಗಳಿಗೆ ಹೊಟ್ಟೀಲೆ ಆಗೋ ಪ್ರಾಣಿ, ವರ್ಷಕ್ಕ ಎರಡು ಮೂರು ಸಲ ಹಾಕ್ತದ. ನಮ್ಮಲ್ಲೆ ಮರಿ ಕಣ್ಣು ತಗದ ಕೂಡ್ಲೆ ಚೀಲದಾಗ ಹಾಕಿ ಊರ ಹೊರಗಿನ ಹೊಲದಾಗ ಬಿಟ್ಟು ಬರ್ತಾರಲ್ಲಾ, "ಎಲ್ಲೆರ ಬದಕ್ಕೋತದ" ಅಂತ, ಆ ಬದಕೋದು ಅಂದ್ರ ಏನು ಅಂತ ಸ್ಟೀಫನ್ಸ್ ದ್ವೀಪ ತೋರಿಸ್ತದ.

ಈಗ ನಾಯಿ ಕಥಿ. ಅದ 1894ರಾಗ ಸರಕಾರ ರಿಚರ್ಡ್ ಹೆನ್ರಿ ಅನ್ನೋ ಒಬ್ಬ ಮನಷ್ಯಾಗ ದಕ್ಷಿಣ ದ್ವೀಪದ ಮೂಲಿಯೊಳಗಿನ ರೆಸಲ್ಯೂಷನ್ ಅನ್ನೋ ದ್ವೀಪದ ಉಸ್ತುವಾರಿ ಕೊಡ್ತು. ಕಾರಣ ಏನಂದ್ರ, ಮೊದಲ ಮೊಲ ತಂದು ಬಿಟ್ಟಿದ್ರು, ಮೊಲ ಹೆಚ್ಚಾಗಿ ಹುಲ್ಲೆಲ್ಲಾ ತಿಂದ್ವು. ಮೊಲ ತಿನ್ನಲಿ ಅಂತ 1880ರ ದಶಕದಾಗ ಸ್ಟೋಟ್ ಅನ್ನೋ ಮುಂಗುಸಿಯಂಥ ಪ್ರಾಣಿ ತಂದು ಬಿಟ್ರು. ಸ್ಟೋಟಿಗೆ ಮೊಲಕ್ಕಿಂತ ಹಕ್ಕಿ ಸಸಾರ ಆತು. (ಸೊಳ್ಳಿ ಓಡಿಸ್ಲಿಕ್ಕೆ ಹೊಗಿ ಹಾಕಿ ಮನಿ ಮಂದೀನ ಓಡಿಸಿಧಂಗ.) ಹಿಂಗಾಗಿ ಕಾಕಾಪೋ, ಕಿವಿ ಎಲ್ಲಾ ಹಿಡದು ಸ್ಟೋಟ್ ಇಲ್ಲದ ದ್ವೀಪಕ್ಕ ಸಾಗಸೋದು ಹೆನ್ರಿ ಕೆಲಸ.

ರಾತ್ರಿ ಓಡಾಡೋ ಹಕ್ಕಿ, ಹಗಲು ಪೊದಿಯೊಳಗ ಅಡಗಿ ಕೂಡೋದು, ಮನಷ್ಯಾರ ಕಣ್ಣಿಗೆ ಸಿಗೋದಲ್ಲ. ಹೆನ್ರಿ ನಾಯಿ ಇಟ್ಕೊಂಡ. ಆದ್ರ ನಾಯಿ ಬಾಯಿಗೆ ಕುಕ್ಕಿ ಕಟ್ಟಿದ, ನಾವು ರಾಶಿ ಮಾಡೋಮುಂದ ಎತ್ತಿನ ಬಾಯಿಗೆ ಕಟ್ಟತೇವಲ್ಲಾ ಹಂಗ. ನಾಯಿ ಮೂಸಿ ಹುಡುಕಬೇಕು, ಕಚ್ಚಬಾರದು. ಮಳಿ, ಕೆಸರು, ಕಚ್ಚೋ ನೊಣ, ಸಣ್ಣ ದೋಣಿ, ಹಿಂಗ ವರ್ಷಾನುಗಟ್ಲೆ ದುಡದು ನೂರಾರು ಹಕ್ಕಿ ಸಾಗಿಸಿದ. ಒಂದು ನಾಯಿ ಮೂಗಿನ ಮ್ಯಾಲೆ ಅಷ್ಟು ಜೀವ.

1900ರಾಗ ರೆಸಲ್ಯೂಷನ್ ದ್ವೀಪದಾಗ ಒಂದು ಸ್ಟೋಟ್ ಕಾಣಿಸ್ತು. ನೀರಾಗ ಈಸಿ ಬಂದಿತ್ತು. ಮುಂದ ಹೆನ್ರಿ ಪಟ್ಟ ಕಷ್ಟ ಎಲ್ಲಾ ಹೋತು. ಅವನ ಸ್ಥಿತಿ ಓದಿ ನನಗ ಹೊಟ್ಟ್ಯಾಗ ಸಂಕಟ ಆತು. ಆದ್ರ ಅವ ಹಾಕಿಕೊಟ್ಟ ದಾರಿ, ಹಕ್ಕಿ ಹಿಡದು ವೈರಿ ಇಲ್ಲದ ದ್ವೀಪಕ್ಕ ಒಯ್ಯೋದು, ಅದ ದಾರಿಯಿಂದನ ಕಾಕಾಪೋ ಇವತ್ತ ಉಳದದ. 1977ರಾಗ ದಕ್ಷಿಣದ ಸ್ಟೂವರ್ಟ್ ದ್ವೀಪದಾಗ ಸುಮಾರು ಇನ್ನೂರು ಕಾಕಾಪೋ ಸಿಕ್ವು. ಹೆಣ್ಣು ಸುದ್ಧಾ ಇದ್ವು ಅಂತ ಎಲ್ಲಾರಿಗೂ ಆನಂದ. ಆದ್ರ ಅಲ್ಲೆ ಕಾಡುಬಿದ್ದ ಬೆಕ್ಕು ಇದ್ವು. ಗುರುತು ಕಟ್ಟಿ ಬಿಟ್ಟ ದೊಡ್ಡ ಹಕ್ಕಿಗೋಳೊಳಗ ಅರ್ಧಕ್ಕಿಂತ ಹೆಚ್ಚು ಒಂದ ವರ್ಷದಾಗ ಬೆಕ್ಕಿನ ಪಾಲಾದ್ವು. 1982ರಿಂದ ಒಂದೊಂದನ್ನ ಹುಡುಕಿ ಬೆಕ್ಕಿಲ್ಲದ ದ್ವೀಪಗಳಿಗೆ ಒಯ್ದ್ರು. 1995ರಾಗ ಇಡೀ ಜಗತ್ತಿನೊಳಗ ಉಳದದ್ದು 51. ಪ್ರತಿಯೊಂದಕ್ಕೂ ಹೆಸರು ಅವ, ನಮ್ಮ ಮನಿ ಆಕಳಕ್ಕ ಇಟ್ಟಂಗ. 2022ಕ್ಕ 252 ಆದ್ವು.

ಇದೆಲ್ಲಾ ಕಾಡುಬಿದ್ದ ಬೆಕ್ಕಿನ ಮಾತಾತು, ಮನ್ಯಾಗಿನ ಮುದ್ದಿನ ನಾಯಿ ಏನು ಮಾಡೀತು ಅಂತೀರಿ? ತಂಗಿ ಮಗಳ ಮನಿಯಿಂದ ಮೋಟಾರಿನಾಗ ಸ್ವಲ್ಪ ಹೊತ್ತಿನ ದಾರಿ, ವೈಟಾಂಗಿ ಅಂತ ಕಾಡದ. 1987ರಾಗ ಅಲ್ಲೆ ಮೈಕೆಲ್ ಟಾಬೋರ್‌ಸ್ಕಿ ಅನ್ನೋ ವಿಜ್ಞಾನಿ ಕಿವಿ ಹಕ್ಕಿ ಅಭ್ಯಾಸ ಮಾಡ್ತಿದ್ದ. ಇಪ್ಪತ್ತಕ್ಕಿಂತ ಜಾಸ್ತಿ ಹಕ್ಕಿ ಕಾಲಿಗೆ ಸಣ್ಣ ರೇಡಿಯೊ ಕಟ್ಟಿದ್ರು. ಆಗಸ್ಟ್ ಕಡೇ ವಾರದಿಂದ ಹಕ್ಕಿ ಸಾಯಲಿಕ್ಕೆ ಶುರು ಆದ್ವು. ಐದು ವಾರದಾಗ ರೇಡಿಯೊ ಕಟ್ಟಿದ್ದ 13 ಸತ್ವು. ರೇಡಿಯೊ ಇಲ್ಲದ್ವು ಎಷ್ಟೋ. ಕೊಂದು ಅರ್ಧ ಮಣ್ಣಾಗ ಮುಚ್ಚಿದ್ವು, ತಿಂದಿದ್ದಿಲ್ಲ. ಕಡೀಕ ಸಿಕ್ಕಿದ್ದು ಒಂದ ಒಂದು ಜರ್ಮನ್ ಶೆಫರ್ಡ್ ಹೆಣ್ಣ ನಾಯಿ. ಕೊಳ್ಳಾಗ ಪಟ್ಟಿ ಇತ್ತು. ಪಟ್ಟಿ ಇತ್ತು ಅಂದ್ರ ಯಾರೋ ಸಾಕಿದ್ದು. ಆದ್ರ ನೋಂದಣಿ ಇದ್ದಿದ್ದಿಲ್ಲ. ಆ ಕಾಡಿನ ಸುಮಾರು 900 ಕಿವಿಯೊಳಗ 500ರಷ್ಟು ಅದ ಒಂದು ನಾಯಿ ಕೊಂದಿರಬೇಕು ಅಂತ ಟಾಬೋರ್‌ಸ್ಕಿ ಅಂದಾಜು. ನಾಯಿ ಹೊಡದ ಮ್ಯಾಲೆ ಸಾವು ನಿಂತ್ವು.

ಕಿವಿ ಸಾಯ್ಲಿಕ್ಕೆ ನಾಯಿ ಸಿಟ್ಟಿನಿಂದ ಕಚ್ಚಬೇಕಂತಿಲ್ಲ. ಹಾರೋ ಹಕ್ಕಿಗೆ ಎದಿ ಎಲುಬು ಗಟ್ಟಿ, ಮ್ಯಾಲೆ ದಪ್ಪ ಮಾಂಸ ಇರ್ತದ. ಕಿವಿಗೆ ಆ ಏಣಿನಂಥ ಎಲುಬೂ ಇಲ್ಲ, ಮಾಂಸಾನೂ ಇಲ್ಲ. ಮೊಮ್ಮಗನ ಚೆಂಡು ತಂದು ಕೊಟ್ಟಂಗ ನಾಯಿ ಆಟಕ್ಕ ಬಾಯಾಗ ಹಿಡದ್ರೂ ಎದಿ ಒಡದು ಸಾಯ್ತದ. ಅದಕ್ಕ "ನಮ್ಮ ನಾಯಿ ಭಾಳ ಸಂಭಾವಿತ, ಯಾರಿಗೂ ಏನೂ ಮಾಡೂದಿಲ್ಲ" ಅನ್ನೋ ಮಾತು ಅಲ್ಲೆ ನಡೀಯೂದಿಲ್ಲ. ಕಿವಿ ಸಣ್ಣ ಪ್ರಾಣಿ ಅಲ್ಲ ಮತ್ತ, ತತ್ತಿ ಅಂದ್ರ ತಾಯಿ ತೂಕದ ಐದರಾಗ ಒಂದು ಪಾಲು. ನಾ ಬಾಣಂತನ ಮಾಡ್ಲಿಕ್ಕೆ ಹೋದಾಕಿ, ಇದನ್ನ ಓದಿ ಹೌಹಾರಿದೆ. ತತ್ತಿ ಇಟ್ಟ ಮ್ಯಾಲೆ ಕಾವು ಕೂಡೋದು ಗಂಡು, ಎರಡೂವರಿ ತಿಂಗಳು. ಅಂಥಾ ಹಕ್ಕಿ ಬ್ಯಾರೆ ಕಡೆ ಮೂವತ್ತು ನಲವತ್ತು ವರ್ಷ ಬದುಕತದ, ಇದ ಉತ್ತರದ ಭಾಗದಾಗ ಸರಾಸರಿ ಹದಿಮೂರು ಹದಿನಾಕು ವರ್ಷ ಅಷ್ಟ. ಮುಖ್ಯ ಕಾರಣ ನಾಯಿ ಅಂತ ಕಿವಿ ಉಳಿಸೋ ಕೆಲಸ ಮಾಡೋರು ಹೇಳ್ತಾರ.

ಅದಕ್ಕ ಆ ಬೋರ್ಡು. ನಾ ನಕ್ಕಿದ್ದೆ ಅಂದೆನಲ್ಲಾ, ಈ ಕಥಿ ಓದಿದ ಮ್ಯಾಲೆ ಸಂಜಿಕ ವಾಕಿಂಗ್ ಹೋದಾಗ ಯಾವದರ ನಾಯಿ ಹಗ್ಗ ಇಲ್ಲದ ಬಂತಂದ್ರ ನಾನ ಹಿಂದ ಮಾಲಕರು ಅದಾರೇನು ಅಂತ ತಿರುಗಿ ನೋಡ್ಲಿಕ್ಕೆ ಶುರು ಮಾಡಿದೆ.

ಅಲ್ಲೆ ನಾಯಿಗೆ ಕಾಯ್ದೆ ಬಿಗಿ ಅದ. 1996ರಿಂದ ನಾಯಿ ನಿಯಂತ್ರಣ ಕಾಯ್ದೆ, ವರ್ಷಾ ವರ್ಷಾ ನೋಂದಣಿ, 2006ರಿಂದ ಹೊಸದಾಗಿ ನೋಂದಣಿ ಮಾಡೋ ನಾಯಿ ಚರ್ಮದ ಕೆಳಗ ಅಕ್ಕಿ ಕಾಳಿನಷ್ಟು ಚಿಪ್. ಕಾಡಿಗೆ ಒಯ್ಯೋ ನಾಯಿಗೆ ಕಿವಿ ವಾಸನಿ ಬಂದ್ರ ದೂರ ಸರೀಬೇಕು ಅಂತ ತರಬೇತಿ ಕೊಡ್ತಾರ, ಕೊಳ್ಳಾಗಿನ ಪಟ್ಟಿಯಿಂದ ಸಣ್ಣ ಶಾಕ್ ಕೊಟ್ಟು. ಇದು ನನಗ ಅಷ್ಟು ಸರಿ ಬರ್ಲಿಲ್ಲ, ಆದ್ರ ಸತ್ತ ಹಕ್ಕಿ ಲೆಕ್ಕಾ ನೋಡಿದ್ರ ಬಾಯಿ ಮುಚ್ಚತದ. ತರಬೇತಿ ಆದ್ರೂ ಹಗ್ಗ ಬಿಡಬ್ಯಾಡ್ರಿ ಅಂತಾನೂ ಹೇಳ್ತಾರ.

ಬೆಕ್ಕಿನ ಮಾತು ಬ್ಯಾರೆ. ಐವತ್ತು ಲಕ್ಷ ಮಂದಿ ಇರೋ ದೇಶದಾಗ ಹತ್ತು ಹನ್ನೆರಡು ಲಕ್ಷ ಸಾಕಿದ ಬೆಕ್ಕು ಅವ. ಬೆಕ್ಕು ಮುಟ್ಟಿದ್ರ ಮಂದಿ ಸಿಟ್ಟಿಗೇಳ್ತಾರ. 2013ರಾಗ ಗ್ಯಾರೆತ್ ಮಾರ್ಗನ್ ಅನ್ನೋ ಅರ್ಥಶಾಸ್ತ್ರದ ಮನಷ್ಯಾ, ಈಗಿರೋ ಬೆಕ್ಕೇ ಕಡೇ ಬೆಕ್ಕಾಗಲಿ ಅಂತ ಚಳವಳಿ ಮಾಡಿದ, ದೇಶದ ತುಂಬ ರಂಪಾತು. ಅವನ ಮಾತು ಅತಿ ಅಂತ ನನ್ನ ಅನಿಸಿಕಿ. ನಡದದ್ದು ಸಣ್ಣ ಸಣ್ಣ ಕೆಲಸ: ವೆಲ್ಲಿಂಗ್ಟನ್ ನಗರದಾಗ ಬೆಕ್ಕಿಗೂ ಚಿಪ್ ಖಡ್ಡಾಯ, ಸಣ್ಣದಿದ್ದಾಗನ ಸಂತಾನಶಕ್ತಿ ಆಪರೇಷನ್, ಸಂಜಿ ಮುಂದ ಊಟ ಹಾಕಿ ಒಳಗ ಕೂಡಿ ಹಾಕೋದು. ತಂಗಿ ಮಗಳ ಬಾಜೂ ಮನಿ ಅಜ್ಜಿ ಪಡಸಾಲಿಗೆ ಜಾಳಗಿ ಹೊಡಸಿದ್ರು. ಬೆಕ್ಕು ಅಲ್ಲೆ ಬಿಸಿಲಿಗೆ ಕೂತು ಹೊರಗಿನ ಹಕ್ಕಿ ನೋಡ್ತಿತ್ತು, ಹಕ್ಕಿ ಇದನ್ನ ನೋಡ್ತಿದ್ವು.

ನಮ್ಮ ಹುಡುಗಿಗೂ ಕೂಸಿಗೆ ಆಡ್ಲಿಕ್ಕೆ ಒಂದು ಬೆಕ್ಕು ಬೇಕಾಗಿತ್ತು. "ದೊಡ್ಡವ್ವ, ಒಳಗ ಇಟ್ರ ಅದಕ್ಕ ಜೇಲ್ ಅನಿಸೂದಿಲ್ಲೇನ?" ಅಂತ ಕೇಳಿದ್ಲು. ನಾ ಅಂದೆ, "ನಿನ್ನ ಕೂಸನ್ನ ರಾತ್ರಿ ಹೊರಗ ಬಿಡ್ತಿಯೇನ? ಅದು ಜೇಲೇನು?" ಹುಟ್ಟಿದಾಗಿಂದ ಒಳಗ ಬೆಳದ ಬೆಕ್ಕಿಗೆ ಒಳಗ ಮನಿ. ಹೊರಗ ಮೋಟಾರಿನ ಗಾಲಿ, ಬ್ಯಾರೆ ಬೆಕ್ಕಿನ ಜಗಳ, ಕೀವಾದ ಗಾಯ. ಇದು ನಮ್ಮ ಓಣಿ ಬೆಕ್ಕಿಗೆ ಇನ್ನೂ ಹೆಚ್ಚು ಲಾಗೂ ಆಗ್ತದ. ಗಂಟಿ ಕಟ್ಟಿದ್ರ ಆಗೂದಿಲ್ಲೇನು ಅಂತ ವೈನಿ ಫೋನಿನಾಗ ಕೇಳಿದ್ರು. ಗಂಟಿಯಿಂದ ಸ್ವಲ್ಪ ಹಕ್ಕಿ ಉಳೀತಾವ, ಪೂರಾ ಅಲ್ಲ. ಗೂಡಿನಾಗಿನ ಮರಿ ಗಂಟಿ ಕೇಳಿ ಎಲ್ಲಿ ಓಡ್ತದ?

ಇಲಿ ಯಾರು ಹಿಡೀತಾರ ಅಂತ ಕೇಳೋರು ಇದ್ದ ಇರ್ತೀರಿ. ಅದಕ್ಕೂ ಅಲ್ಲಿ ಇತಿಹಾಸದಾಗ ಉತ್ತರ ಅದ. ಹೌಟೂರು ಅನ್ನೋ ದ್ವೀಪದಾಗ 1980ಕ್ಕ ಬೆಕ್ಕು ಪೂರಾ ತಗದ್ರು. ಇಲಿ ಹೆಚ್ಚಾಗಿ ಕಡಲಹಕ್ಕಿ ತತ್ತಿ ಮರಿಗೆ ಕುತ್ತು ಬಂತು. 2004ಕ್ಕ ಇಲಿ ತಗದ ಮ್ಯಾಲೆ ಮರಿ ಉಳೀಲಿಕ್ಕೆ ಹತ್ತಿದ್ವು. ಎರಡೂ ಕೂಡಿ ನೋಡಬೇಕು. ಮನ್ಯಾಗ ಕಾಳಿನ ಡಬ್ಬಿ ಮುಚ್ಚಿ, ಮುಸರಿ ರಾತ್ರಿ ಬಿಡದ, ಒಂದು ಬೋನು ಇಟ್ರ ಅರ್ಧ ಇಲಿ ಹಂಗ ಹೋಗ್ತಾವ.

ನಮ್ಮ ದೇಶಕ್ಕ ಇದೆಲ್ಲಾ ಹಂಗ ಹಂಗ ಹೊಂದೂದಿಲ್ಲ, ಗೊತ್ತದ ನನಗ. ನಮ್ಮ ಗುಬ್ಬಿ, ಗೊರವಂಕ, ಪಾರಿವಾಳ ಎಲ್ಲಾ ಕಾಡುಬೆಕ್ಕು, ಮುಂಗುಸಿ, ಹಾವಿನ ನಡುವ ಬೆಳದಾವ, ಬೆಕ್ಕು ಕಂಡ್ರ ಹಾರತಾವ. ಆದ್ರ ಅಲುಗಾಡದ ಕೂಡೋ ವಿದ್ಯಾ ನಮ್ಮಲ್ಲೂ ಅದ. ನಮ್ಮ ರಾಣೆಬೆನ್ನೂರಿನಾಗ 1974ರಿಂದ ಕೃಷ್ಣಮೃಗದ ಅಭಯಾರಣ್ಯ ಅದಲ್ಲಾ, ಆ ಚಿಗರಿ ತಾಯಿ ಹುಟ್ಟಿದ ಮರೀನ ಹುಲ್ಲಿನಾಗ ಬಚ್ಚಿಟ್ಟು ಮೇಯಲಿಕ್ಕೆ ಹೋಗ್ತದ. ಮರಿ ಮಿಸಕಾಡದ ಬಿದ್ದಿರ್ತದ. ಹೊಲದ ಕಡೆ ತಿರಗೋ ನಾಯಿ ಹಿಂಡಿಗೆ ಮೂಗು ಅದ. ಮತ್ತ ರೋಗದ್ದು: 1994ರಾಗ ಆಫ್ರಿಕಾದ ಸೆರೆಂಗೆಟಿಯೊಳಗ ಡಿಸ್ಟೆಂಪರ್ ಅನ್ನೋ ರೋಗದಿಂದ ಮೂರರಾಗ ಒಂದು ಪಾಲು ಸಿಂಹ ಸತ್ವು, ಅದು ಸುತ್ತಿನ ಹಳ್ಳಿ ನಾಯಿಗೋಳಿಂದ ಬಂದದ್ದು ಅಂತ ಕಂಡು ಹಿಡದ್ರು. 2018ರಾಗ ನಮ್ಮ ಗುಜರಾತಿನ ಗಿರ್‌ನಾಗ ಇಪ್ಪತ್ತಕ್ಕಿಂತ ಹೆಚ್ಚು ಸಿಂಹ ಸತ್ತಾಗ ಅದ ರೋಗದ ವೈರಸ್ ಸಿಕ್ತು. ನಾಯಿಗೆ ಹುಚ್ಚುನಾಯಿ ಲಸಿಕೆ ಹಾಕಸೋಮುಂದ ಡಾಕ್ಟರಿಗೆ ಡಿಸ್ಟೆಂಪರ್ ಲಸಿಕೆನೂ ಕೇಳ್ರಿ, ಅಷ್ಟ ನಾ ಹೇಳೋದು. ಮತ್ತ ಮರಿ ಚೀಲದಾಗ ಹಾಕಿ ಹೊಲಕ್ಕ ಬಿಡೋಕ್ಕಿಂತ ತಾಯಿಗೆ ಒಂದು ಸಲ ಆಪರೇಷನ್ ಮಾಡಸೋದು ಛಲೋ, ಪಶು ಆಸ್ಪತ್ರಿಗೆ ಫೋನ್ ಮಾಡಿ ಯಾವ ದಿನ ಅಂತ ಕೇಳಿ ಹೋಗ್ರಿ.

ಸ್ಟೀಫನ್ಸ್ ದ್ವೀಪದಾಗ ಈಗ ಕೀಪರ್ ಸಂಸಾರ ಯಾವೂ ಇಲ್ಲ, ದೀಪ ತಂತಾನ ಹತ್ತತದ. ಬೆಕ್ಕು ಹೋದದ್ದಕ್ಕ ಅಲ್ಲಿನ ಟುವಾಟಾರಾ ಅನ್ನೋ ಓತಿಕ್ಯಾತದಂಥಾ ಪುರಾತನ ಪ್ರಾಣಿ ಉಳೀತು, ಸಾವಿರಾರು ಅವ, ಜಗತ್ತಿನಾಗ ಎಲ್ಲಾ ಕಡೆಗಿಂತ ಹೆಚ್ಚು. ಪರವಾನಗಿ ಇಲ್ಲದ ಯಾರೂ ಕಾಲಿಡೋಹಂಗಿಲ್ಲ. ಇನ್ನ ಕಿವಿ ಲೆಕ್ಕಾ ಮಾಡೋ ಸರಕಾರದ ಮಂದಿ ಇವತ್ತಿಗೂ ನಾಯಿ ಒಯ್ತಾರ, ರಿಚರ್ಡ್ ಹೆನ್ರಿಯಂಗ. ಸಣ್ಣ ಕುನ್ನಿ ಇದ್ದಾಗಿಂದ ಕಲಿಸಿ, ಪರೀಕ್ಷಾ ಪಾಸು ಮಾಡಿಸಿದ ನಾಯಿ, ಒಡ್ಯಾನ ಒಂದು ಸೀಟಿಗೆ ನಿಲ್ಲತದ. ಆದ್ರೂ ಕಾಡಿನ ಬಾಯಾಗ ಇಳಿಸಿದ ಕೂಡ್ಲೆ ಮೊದಲನೇ ಕೆಲಸ ಅಂದ್ರ ಬಾಯಿಗೆ ಕುಕ್ಕಿ ಕಟ್ಟೋದು.